ಗಾಡಿ ಕೆಲಸಕ್ಕೆ ಪೈಪ್ ಪಾನಾ: ಉದ್ದ ಕೇಳಬೇಡಿ, ಬಾಯಿ ಅಳೆಯಿರಿ

ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಪೈಪ್ ಪಾನಾ ಕೊಡ್ರಿ’ ಅಂದರೆ ಮೊದಲ ಪ್ರಶ್ನೆ ‘ಎಷ್ಟು ಇಂಚಿಂದು?’ ಉತ್ತರ ತಡವಾದರೆ ಅಂಗಡಿಯವರೇ ತೀರ್ಮಾನ ಹೇಳಿಬಿಡುತ್ತಾರೆ: ‘ಹದಿನೆಂಟರದು ಒಯ್ರಿ, ಎಲ್ಲಾದಕ್ಕೂ ಬರ್ತದ.’ ಸಲಹೆಯಲ್ಲಿ ಮೋಸವೇನೂ ಇಲ್ಲ. ಆದರೆ ಅದು ಬೋರ್‌ವೆಲ್ ಕೆಲಸದವರ ಲೆಕ್ಕ. ಶಿಗ್ಗಾವಿ, ಕಲಘಟಗಿ, ಮುಂಡರಗಿ ಕಡೆಯಿಂದ ಬರುವ ಗಿರಾಕಿ ಹೊಲದಲ್ಲಿ ಒಂದೂವರೆ, ಎರಡು ಇಂಚಿನ ಜಿಐ ಪೈಪು ಎತ್ತಿ ಬಿಚ್ಚಬೇಕು. ಅವನಿಗೆ 18 ಬೇಕು, 24 ಇದ್ದರೆ ಇನ್ನೂ ಒಳ್ಳೆಯದು, ಸುತ್ತಲೂ ಬಯಲೇ ಇರುವುದರಿಂದ ಎಷ್ಟು ಉದ್ದವಾದರೂ ನಡೆಯುತ್ತದೆ. ಕಾರಿನ ಅಡಿಯಲ್ಲಿ ಅಂಗಾತ ಮಲಗಿದ ಮೆಕ್ಯಾನಿಕ್‌ಗೆ 18 ಇಂಚಿನ ಹಿಡಿ ಆಡಿಸುವ ಜಾಗವೇ ಇರುವುದಿಲ್ಲ.

ಪೈಪ್ ಪಾನಾ ಹುಟ್ಟಿದ್ದು ಗುಂಡಗಿನ ಪೈಪು ತಿರುಗಿಸಲು. ಗಾಡಿಯಲ್ಲಿ ಹಾಗೆ ತಿರುಗಿಸಬೇಕಾದ ಗುಂಡಗಿನ ವಸ್ತುಗಳು ಬೆರಳೆಣಿಕೆಯಷ್ಟು. ಅವನ್ನು ನೋಡಿ ಅಳತೆ ಆರಿಸಿದರೆ ಎರಡೇ ಸಾಮಾನಿನಲ್ಲಿ ಕೆಲಸ ಮುಗಿಯುತ್ತದೆ. ತೀರ್ಪು ಮೊದಲೇ ಹೇಳುವುದಾದರೆ, ಕಾರು ಮತ್ತು ಸಣ್ಣ ಗೂಡ್ಸ್ ಗಾಡಿಗೆ 10 ಇಂಚಿನ ಒಂದು ವಾಟರ್ ಪಂಪ್ ಪಕ್ಕಡ, 14 ಇಂಚಿನ ಒಂದು ಪೈಪ್ ಪಾನಾ. ಬೈಕ್ ಕೆಲಸವೇ ಹೆಚ್ಚಿದ್ದರೆ 7 ಇಂಚಿನ ಪಕ್ಕಡ ಸಾಕು, ಪಾನಾ ಬೇಡವೇ ಬೇಡ. ಲಾರಿ, ಟ್ರ್ಯಾಕ್ಟರ್ ಬಂದರೆ ಮಾತ್ರ 18.

ಹೆಸರಿನ ಗೊಂದಲ ಮೊದಲು ಬಿಡಿಸಿಕೊಳ್ಳಬೇಕು, ಯಾಕೆಂದರೆ ಅಂಗಡಿಯಲ್ಲಿ ಎರಡು ಬೇರೆ ಸಾಮಾನುಗಳು ಒಂದೇ ಹೆಸರಿನಲ್ಲಿ ಕೈ ಬದಲಾಗುತ್ತವೆ. ಒಂದು ಸ್ಟಿಲ್ಸನ್ ಮಾದರಿ: ಉದ್ದನೆಯ ಒಂದೇ ಹಿಡಿ, ಮೇಲೆ ಕೊಕ್ಕೆಯಂಥ ದವಡೆ, ನಡುವೆ ತಿರುಗಿಸುವ ನಟ್ಟು. ಇದೇ ನಿಜವಾದ ಪೈಪ್ ಪಾನಾ. ಇನ್ನೊಂದಕ್ಕೆ ಎರಡು ಹಿಡಿ, ನಡುವೆ ಜಾರಿಸಿ ಅಳತೆ ಕೂರಿಸುವ ಕಚ್ಚುಗಳು. ಇದು ವಾಟರ್ ಪಂಪ್ ಪಕ್ಕಡ. ಹಳೆಯ ಕಾಲದ ಕಾರುಗಳ ವಾಟರ್ ಪಂಪಿನಲ್ಲಿ ಪ್ಯಾಕಿಂಗ್ ನಟ್ಟು ಬಿಗಿಸಲು ಬಳಸುತ್ತಿದ್ದರಿಂದ ಆ ಹೆಸರು ಬಂತು, ಅಂದರೆ ಹುಟ್ಟಾ ಗಾಡಿಯ ಸಾಮಾನು ಇದು. ಸ್ವೀಡಿಷ್ ಮಾದರಿ ಎಂದು ಮೂರನೆಯದೂ ಸಿಗುತ್ತದೆ: ಎರಡು ಹಿಡಿ, ಓರೆ ದವಡೆ, ಅಳತೆ ಕೂರಿಸುವ ನಟ್ಟು. ಪ್ಲಂಬರ್‌ಗಳಿಗೆ ಅದು ಇಷ್ಟ. ಗ್ಯಾರೇಜಿಗೆ ಅದು ಬೇಡ, ಬಿಟ್ಟುಬಿಡಿ.

ಬಾಯಿಯ ಲೆಕ್ಕ

ಪಾನಾದ ಮೇಲೆ ಒತ್ತಿರುವ 10, 14, 18 ಎಲ್ಲವೂ ಉದ್ದ. ಬಾಯಿ ಎಷ್ಟು ತೆರೆಯುತ್ತದೆ ಎಂಬುದು ಬೇರೆ ಅಂಕಿ. ಸ್ಟಿಲ್ಸನ್ ಮಾದರಿಯಲ್ಲಿ ಸಾಮಾನ್ಯವಾಗಿ 8 ಇಂಚಿನದು ಒಂದು ಇಂಚಿನ ಪೈಪು ಹಿಡಿಯುತ್ತದೆ, 10 ಇಂಚಿನದು ಒಂದೂವರೆ, 12 ಮತ್ತು 14 ಎರಡೂ ಎರಡಿಂಚಿನ ಪೈಪು, 18 ಎರಡೂವರೆ, 24 ಮೂರು. 12ಕ್ಕೂ 14ಕ್ಕೂ ಬಾಯಿ ಒಂದೇ, ಬೇರೆಯಾಗುವುದು ಹಿಡಿ ಮಾತ್ರ. ಬಾಯಿ ಅಷ್ಟೇ, ಹಿಡಿ ಗಿಡ್ಡ, ಹಾಗಾಗಿ 12ರದು ಬೇಡ.

ಇಲ್ಲಿ ಇನ್ನೊಂದು ತೊಡಕಿದೆ. ಪೈಪಿನ ‘ಒಂದು ಇಂಚು’ ಅನ್ನುವುದು ಹೆಸರಿನ ಅಳತೆ, ಹೊರ ದಪ್ಪವಲ್ಲ. ಒಂದು ಇಂಚಿನ ಜಿಐ ಪೈಪಿನ ಹೊರ ವ್ಯಾಸ ಸುಮಾರು 33.7 ಮಿಲಿಮೀಟರ್, ಒಂದೂವರೆಯದು 48.3, ಎರಡರದು 60.3. ಗಾಡಿಯ ಭಾಗಗಳಿಗೆ ಇರುವುದು ಹೊರ ವ್ಯಾಸ ಮಾತ್ರ. ಆದ್ದರಿಂದ ಇಂಚು ಮರೆತು ಮಿಲಿಮೀಟರ್‌ನಲ್ಲಿ ಯೋಚಿಸಿ: 10ರ ಪಾನಾ ಸುಮಾರು 48ರವರೆಗೆ, 14ರದು 60ರವರೆಗೆ, 18ರದು 73ರವರೆಗೆ. ಕೈಯಲ್ಲಿ ವರ್ನಿಯರ್ ಇಲ್ಲದಿದ್ದರೆ ದಾರ ಸುತ್ತಿ ಬಂದ ಉದ್ದವನ್ನು 3.14ರಿಂದ ಭಾಗಿಸಿದರೆ ಸಾಕು.

ಪಂಪ್ ಪಕ್ಕಡದಲ್ಲಿ ಅಂಕಿ ಬದಲಾಗುತ್ತದೆ. ಜರ್ಮನಿಯ ಕ್ನಿಪೆಕ್ಸ್ ಕೋಬ್ರಾವನ್ನು ಅಳತೆಗೋಲಾಗಿ ಇಟ್ಟುಕೊಂಡರೆ 180 ಮಿಲಿಮೀಟರ್ (7 ಇಂಚು) ಉದ್ದದ್ದು 42ರ ದಪ್ಪದ ಪೈಪಿನವರೆಗೆ ಹಿಡಿಯುತ್ತದೆ, 250ರದು (10 ಇಂಚು) 50ರವರೆಗೆ, 300ರದು (12 ಇಂಚು) 70ರವರೆಗೆ. ನಟ್ಟಾದರೆ ಅದಕ್ಕಿಂತ ಕಡಿಮೆ: 36, 46, 60. ಬಾಯಿ ಕೊನೆಯ ಕಚ್ಚಿಗೆ ಬಂದಾಗ ಹಿಡಿಗಳು ಅಂಗೈಗೆ ಸಿಗದಷ್ಟು ಅಗಲವಾಗುತ್ತವೆ, ಹಿಂಡುವ ಬಲ ಇಳಿಯುತ್ತದೆ. ಎರಡು ಹಿಡಿಗಳ ನಡುವೆ 40ರಿಂದ 60 ಮಿಲಿಮೀಟರ್ ಇರುವಾಗ ಕೈಗೆ ಪೂರ್ತಿ ಬಲ ಬರುತ್ತದೆ. ಹಾಗಾಗಿ ನಿಮ್ಮ ದಿನನಿತ್ಯದ ಕೆಲಸ ಪಕ್ಕಡದ ಗರಿಷ್ಠ ಬಾಯಿಯ ಮೂರನೇ ಎರಡು ಭಾಗದೊಳಗೆ ಬರುವಂಥ ಅಳತೆ ಆರಿಸಿ.

ಹಿಡಿತ ಎಲ್ಲಿಂದ ಬರುತ್ತದೆ

ಸ್ಟಿಲ್ಸನ್ ಪಾನಾದ ಮೇಲಿನ ದವಡೆ ಲೊಡಲೊಡ ಅಲ್ಲಾಡುತ್ತದೆ ಎಂದು ಹಿಂದಕ್ಕೆ ತಂದುಕೊಡುವ ಗಿರಾಕಿಗಳಿದ್ದಾರೆ. ಅದು ದೋಷವಲ್ಲ, ಅದೇ ಅದರ ಜೀವ. ಆ ದವಡೆ ಸ್ಪ್ರಿಂಗಿನ ಮೇಲೆ ಸ್ವಲ್ಪ ತೂಗಾಡುವಂತೆ ಮಾಡಿರುತ್ತಾರೆ. ಹಿಡಿಯನ್ನು ಕೆಳ ದವಡೆಯ ಕಡೆಗೆ, ಅಂದರೆ ಬಾಯಿ ತೆರೆದ ದಿಕ್ಕಿಗೆ ಎಳೆದಾಗ ದವಡೆ ಓರೆಯಾಗಿ ಪೈಪನ್ನು ಇನ್ನಷ್ಟು ಗಟ್ಟಿ ಕಚ್ಚುತ್ತದೆ. ಉಲ್ಟಾ ದಿಕ್ಕಿಗೆ ತಳ್ಳಿದರೆ ಜಾರಿ ಬೆರಳಿನ ಗಂಟು ಕೀಳುತ್ತದೆ. ಪೈಪು ದವಡೆಯ ಗಂಟಲಿಗೆ ತಾಗುವಂತೆ ಪೂರ್ತಿ ಒಳಗೆ ತುರುಕಬಾರದು. ಕೊಕ್ಕೆಯ ಬೆನ್ನಿಗೂ ಪೈಪಿಗೂ ನಡುವೆ ಅರ್ಧ ಇಂಚು, ಅಂದರೆ ಸುಮಾರು 12 ಮಿಲಿಮೀಟರ್ ಜಾಗ ಬಿಡಬೇಕು. ಆ ಜಾಗ ಇಲ್ಲದಿದ್ದರೆ ದವಡೆಗೆ ತೂಗಲು ಅವಕಾಶವಿಲ್ಲ, ಕಚ್ಚುವುದೂ ಇಲ್ಲ. ‘ಹೊಸಾ ಪಾನಾ, ಆದ್ರೂ ಜಾರ್ತದ’ ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ.

ಪಂಪ್ ಪಕ್ಕಡಕ್ಕೂ ದಿಕ್ಕಿದೆ. ಮೇಲಿನ ದವಡೆಯಿಂದ ಕೆಳಗಿನ ದವಡೆಯ ಕಡೆಗೆ ತಿರುಗಿಸಿದರೆ ತಾನಾಗಿ ಬಿಗಿಯಾಗುತ್ತದೆ. ಇದರಲ್ಲಿ ನೋಡಬೇಕಾದ್ದು ಕೂಡುಗೀಲು. ಅಗ್ಗದ ಪಕ್ಕಡಗಳಲ್ಲಿ ಒಂದು ತೋಳು ಇನ್ನೊಂದರ ಪಕ್ಕಕ್ಕೆ ಕೂತು ಜಾರುತ್ತದೆ. ಭಾರ ಬಿದ್ದಾಗ ಎರಡು ದವಡೆಗಳು ಅಡ್ಡಡ್ಡ ಸರಿದು ಹಲ್ಲು ಒಂದೇ ಅಂಚಿನಲ್ಲಿ ಕಚ್ಚುತ್ತವೆ. ಬಾಕ್ಸ್ ಜಾಯಿಂಟ್‌ನಲ್ಲಿ ಒಂದು ತೋಳು ಇನ್ನೊಂದರ ಒಡಲೊಳಗೇ ಹಾದುಹೋಗುತ್ತದೆ, ಎರಡೂ ಬದಿ ಆಸರೆ. ಬೆಲೆ ಸ್ವಲ್ಪ ಹೆಚ್ಚಾದರೂ ಬಾಕ್ಸ್ ಜಾಯಿಂಟ್ ಬಿಟ್ಟು ಬೇರೆ ಕೊಳ್ಳಬೇಡಿ. ಈ ಒಂದು ವಿಷಯದಲ್ಲಿ ಚೌಕಾಸಿ ಬೇಡ.

ಬಲದ ಲೆಕ್ಕ ಸರಳ. ಕೆಳಗೆ ಮಲಗಿ ಒಂದು ಕೈಯಲ್ಲಿ 30 ಕೆಜಿಯಷ್ಟು, ಅಂದರೆ ಸುಮಾರು 300 ನ್ಯೂಟನ್ ಎಳೆಯಬಹುದು ಅಂದುಕೊಳ್ಳಿ. 10 ಇಂಚಿನದರಲ್ಲಿ ಕೈ ಕೂರುವ ದೂರ ಸುಮಾರು 20 ಸೆಂಟಿಮೀಟರ್, ಹಾಗಾಗಿ ತಿರುಚುವ ಬಲ 60 ನ್ಯೂಟನ್ ಮೀಟರ್. 14ರಲ್ಲಿ 28 ಸೆಂಟಿಮೀಟರ್, 84. 18ರಲ್ಲಿ 38 ಸೆಂಟಿಮೀಟರ್, 114. ಹಿಡಿಗೆ ಇನ್ನೊಂದು ಪೈಪು ತೂರಿಸಿ ಉದ್ದ ಮಾಡಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಎರಕದ ಹಿಡಿ ಬಾಗುವ ಬದಲು ಮುರಿದೇ ಹೋಗಬಹುದು. ಮುರಿದ ಕ್ಷಣ ನಿಮ್ಮ ಮೈಭಾರವೆಲ್ಲ ಮುಂದಕ್ಕೆ ಬೀಳುತ್ತದೆ.

ಎಲ್ಲೆಲ್ಲಿ ಬೇಕಾಗುತ್ತದೆ

ಕಾರಿನಲ್ಲಿ ಪೈಪ್ ಪಾನಾಕ್ಕೆ ನಿಜವಾದ ಕೆಲಸ ಅಂದರೆ ಸ್ಟೇರಿಂಗ್‌ನ ಒಳ ಟೈ ರಾಡ್ (ಚಕ್ರ ತಿರುಗಿಸುವ ಸರಳಿನ ಒಳತುದಿ), ಗ್ಯಾರೇಜಿನ ಮಾತಿನಲ್ಲಿ ರ‍್ಯಾಕ್ ಎಂಡ್. ಅದರ ಬಾಲ್ ಕೂರುವ ಡಬ್ಬಿ ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರ್ ದಪ್ಪ. ಕೆಲವದರಲ್ಲಿ ಚಪ್ಪಟೆ ಮುಖ ಕಡಿದಿರುತ್ತಾರೆ, ಅಲ್ಲಿಗೆ ಓಪನ್ ಪಾನಾ ಸಾಕು. ಪೂರ್ತಿ ಗುಂಡಗಿದ್ದರೆ 14ರ ಪೈಪ್ ಪಾನಾ ಬೇಕು. ಚಕ್ರ ಬಿಚ್ಚಿ, ಸ್ಟೇರಿಂಗ್ ತಿರುಗಿಸಿ ಆ ಬದಿಯಲ್ಲಿ, ಟೈ ರಾಡ್ ಕೂರುವ ಹಲ್ಲಿನ ಸರಳಾದ ರ‍್ಯಾಕ್ ಪೂರ್ತಿ ಹೊರಗೆ ಬರುವಂತೆ ಮಾಡಿ. ರಬ್ಬರ್ ಬೂಟು ಹಿಂದಕ್ಕೆ ಸರಿಸಿ ಲಾಕ್ ವಾಷರ್ ಇದೆಯೇ ನೋಡಿ. ಮಡಿಚಿದ ಅಂಚನ್ನು ಮೊದಲು ಬಿಡಿಸದೆ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ. ರ‍್ಯಾಕ್ ತಿರುಗದಂತೆ ಅದರ ತುದಿಯ ಹಲ್ಲಿನ ಭಾಗದಲ್ಲಿ ಇನ್ನೊಂದು ಪಾನಾ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ತಿರುಚುವ ಬಲವೆಲ್ಲ ಪಿನಿಯನ್, ಅಂದರೆ ಅದನ್ನು ಸರಿಸುವ ಹಲ್ಲುಗಾಲಿಯ ಮೇಲೆ ಬೀಳುತ್ತದೆ. ನುಣ್ಣಗಿನ ಭಾಗದಲ್ಲಿ ಮಾತ್ರ ಹಲ್ಲಿನ ಪಾನಾ ಇಡಲೇಬಾರದು: ಆ ಮೈಮೇಲೆ ಸೀಲ್ ಓಡಾಡುತ್ತದೆ, ಒಂದು ಗೀರು ಬಿದ್ದರೆ ಪವರ್ ಸ್ಟೇರಿಂಗ್‌ನ ಎಣ್ಣೆ ಸೋರಲು ಅಷ್ಟೇ ಸಾಕು.

ಸಣ್ಣ ಕಾರುಗಳಲ್ಲಿ ಇದರ ಬಿಗಿ 60ರಿಂದ 100 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ಖಚಿತ ಅಂಕಿ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿ. ಮೇಲಿನ ಲೆಕ್ಕಕ್ಕೆ ಇದನ್ನು ಹೊಂದಿಸಿದರೆ 10ರ ಪಾನಾ ಸೋಲುವುದು ಯಾಕೆ ಎಂದು ತಾನೇ ಗೊತ್ತಾಗುತ್ತದೆ. ಅದರ ಮೇಲೆ ಜಂಗು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಗಾಡಿಯ ಅಡಿಗೆ ಮೆತ್ತಿಕೊಂಡರೆ ಬೇಸಿಗೆಯವರೆಗೆ ಬಿಡುವುದಿಲ್ಲ, ತೇವ ಹಿಡಿದುಕೊಂಡೇ ಇರುತ್ತದೆ. ಅಂಕೋಲಾ, ಕಾರವಾರದಿಂದ ಘಟ್ಟ ಹತ್ತಿ ಬರುವ ಮೀನಿನ ಗಾಡಿಗಳದ್ದು ಇನ್ನೂ ಕಷ್ಟ, ಕರಗಿದ ಮಂಜುಗಡ್ಡೆಯ ಉಪ್ಪುನೀರು ಚಾಸಿ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಅಂಥವಕ್ಕೆ ಜಂಗು ಬಿಡಿಸುವ ಎಣ್ಣೆ ಹಾಕಿ ಇಪ್ಪತ್ತು ನಿಮಿಷ ಬಿಟ್ಟು, ವೈರ್ ಬ್ರಶ್ ಆಡಿಸಿ ಆಮೇಲೆ ಪಾನಾ ಇಡಿ. ಮಣ್ಣಿನ ಮೇಲೆ ಕಚ್ಚಿದ ಹಲ್ಲು ಮಣ್ಣಿನ ಸಮೇತ ಜಾರುತ್ತದೆ.

ಇನ್ನೊಂದು ಕಟ್ಟುನಿಟ್ಟು: ಪೈಪ್ ಪಾನಾ ಹಳೆಯದನ್ನು ಬಿಚ್ಚಲು ಮಾತ್ರ. ಹೊಸ ರ‍್ಯಾಕ್ ಎಂಡನ್ನು ಅದರಿಂದ ಕೂರಿಸಿದರೆ ಡಬ್ಬಿಯ ಮೇಲೆ ಹಲ್ಲಿನ ಗಾಯ ಬೀಳುತ್ತದೆ, ಬಿಗಿ ಎಷ್ಟಾಯಿತು ಎಂಬುದೂ ತಿಳಿಯುವುದಿಲ್ಲ. ಅದಕ್ಕೆ ಕೊಳವೆಯಾಕಾರದ ಟೈ ರಾಡ್ ಟೂಲ್ ಮತ್ತು ಬಿಗಿ ಅಳೆಯುವ ಟಾರ್ಕ್ ಪಾನಾ. ಹೊರ ಎಂಡ್ (ಟೈ ರಾಡಿನ ಚಕ್ರದ ಕಡೆಯ ತುದಿ) ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಬಂತು ಎಂದು ಎಣಿಸಿಟ್ಟು ಅಷ್ಟೇ ಸುತ್ತು ಹಾಕಿದರೆ ಅಲೈನ್‌ಮೆಂಟ್ ಅಂಗಡಿಯವರೆಗಾದರೂ ಗಾಡಿ ನೆಟ್ಟಗೆ ಹೋಗುತ್ತದೆ.

ಲಾರಿಯಲ್ಲಿ ಲೆಕ್ಕವೇ ಬೇರೆ. ಟೋ ಇನ್, ಅಂದರೆ ಮುಂದಿನ ಚಕ್ರಗಳು ಮುಂಬದಿಯಲ್ಲಿ ಒಳಸರಿದಿರುವ ಅಳತೆ, ಹೊಂದಿಸಲು ಅಡ್ಡಡ್ಡ ಇರುವ ದಪ್ಪ ಟೈ ರಾಡ್ ಪೈಪನ್ನೇ ತಿರುಗಿಸಬೇಕು. ಅದರ ಒಂದು ತುದಿಯಲ್ಲಿ ಬಲಗೈ ಥ್ರೆಡ್, ಇನ್ನೊಂದರಲ್ಲಿ ಎಡಗೈ ಥ್ರೆಡ್, ಆದ್ದರಿಂದ ಪೈಪು ತಿರುಗಿಸಿದರೆ ಎರಡೂ ಕಡೆ ಒಟ್ಟಿಗೆ ಉದ್ದವಾಗುತ್ತದೆ ಅಥವಾ ಗಿಡ್ಡಾಗುತ್ತದೆ. ಎರಡೂ ತುದಿಯ ಕ್ಲಾಂಪ್ ಬೋಲ್ಟು ಸಡಿಲಿಸಿದ ಮೇಲೆಯೇ ಪಾನಾ ಹಾಕಿ. 18ರದು ತನ್ನ ಬೆಲೆ ವಸೂಲು ಮಾಡುವುದು ಇಲ್ಲಿ, ಲಾರಿಯ ಅಡಿಯಲ್ಲಿ ಅದನ್ನು ಬೀಸಲು ಜಾಗವೂ ಇದೆ. ಗಬ್ಬೂರ ಬೈಪಾಸ್ ಕಡೆ ಲಾರಿ ಕೆಲಸ ಮಾಡುವವರಿಗೆ 14 ಬೇಡ, ನೇರ 18 ತೆಗೆದುಕೊಳ್ಳಿ. ತೂಕ ಮಾತ್ರ ನೆನಪಿರಲಿ: ಕಬ್ಬಿಣದ ಹಿಡಿಯದಾದರೆ 10ರದು ಸುಮಾರು 800 ಗ್ರಾಂ, 14ರದು 1.6 ಕೆಜಿ, 18ರದು 2.6 ಕೆಜಿ, 24ರದು 4.4 ಕೆಜಿ. ಮುಖದ ಮೇಲೆ ಕೈ ಎತ್ತಿ ಹಿಡಿದಾಗ ಆ ಒಂದು ಕೆಜಿ ಫರಕು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಯುಮಿನಿಯಂ ಹಿಡಿಯ 14 ಸುಮಾರು ಒಂದು ಕೆಜಿಗೆ ಇಳಿಯುತ್ತದೆ, ಬೆಲೆ ಏರುತ್ತದೆ. ದಿನವಿಡೀ ಅದೇ ಕೆಲಸ ಇಲ್ಲದವರಿಗೆ ಅಗತ್ಯವಿಲ್ಲ.

ಆಯಿಲ್ ಫಿಲ್ಟರ್ ಅಂದಾಕ್ಷಣ ಎಲ್ಲರ ಕೈ ಪೈಪ್ ಪಾನಾಕ್ಕೆ ಹೋಗುತ್ತದೆ. ಅಂಕಿ ನೋಡಿ. ಸಣ್ಣ ಪೆಟ್ರೋಲ್ ಕಾರಿನ ತಿರುಗಿಸಿ ಕೂರಿಸುವ ಫಿಲ್ಟರ್ 65ರಿಂದ 70 ಮಿಲಿಮೀಟರ್ ದಪ್ಪ. 14ರ ಪಾನಾ 60ಕ್ಕೆ ನಿಲ್ಲುತ್ತದೆ, 250ರ ಪಕ್ಕಡ 50ಕ್ಕೆ. 300ರ ಪಕ್ಕಡ ಕೊನೆಯ ಕಚ್ಚಿನಲ್ಲಿ ಹೇಗೋ ಹಿಡಿಯುತ್ತದೆ, ಹಿಂಡಲು ಬಲವಿಲ್ಲ. 18ರದು ಹಿಡಿಯುತ್ತದೆ, ಎಂಜಿನ್ ಪಕ್ಕದಲ್ಲಿ ಜಾಗವಿಲ್ಲ. ಅಂದರೆ ಫಿಲ್ಟರ್‌ಗಾಗಿ ಪೈಪ್ ಪಾನಾ ಕೊಳ್ಳುವುದೇ ತಪ್ಪು. ಆ ಗಾಡಿಯ ಅಳತೆಯ ಕ್ಯಾಪ್ ಅಥವಾ ಪಟ್ಟಿಯ ಪಾನಾ ತೆಗೆದುಕೊಳ್ಳಿ. ಚೈನ್ ಪಾನಾ ಆದರೆ ಫಿಲ್ಟರಿನ ಬುಡದ ಹತ್ತಿರ, ಒಳಗೆ ದಪ್ಪ ತಟ್ಟೆ ಇರುವ ಕಡೆ ಸುತ್ತಿ. ನಡುಮೈ ಬರೀ ತಗಡು, ಸುಕ್ಕಾಗಿ ಒಳಗೆ ಹೋಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಉಪಾಯವಂತೂ ತಗಡು ಹರಿದು ತಟ್ಟೆ ಎಂಜಿನ್ನಿನಲ್ಲೇ ಉಳಿದ ಮೇಲೆ ಎಷ್ಟು ದುಬಾರಿ ಎಂದು ಗೊತ್ತಾಗುತ್ತದೆ. ಫಿಲ್ಟರ್ ಇಷ್ಟು ಗಟ್ಟಿಯಾಗಲು ಕಾರಣ ಹಿಂದಿನ ಸಲ ಪಾನಾದಿಂದ ಬಿಗಿಸಿದ್ದು. ಗ್ಯಾಸ್ಕೆಟ್‌ಗೆ ಎಣ್ಣೆ ಸವರಿ, ಕೈಯಿಂದ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು. ಫಿಲ್ಟರ್ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದೇ ಸರಿ.

ರೇಡಿಯೇಟರ್ ಹೋಸಿನ ಸ್ಪ್ರಿಂಗ್ ಕ್ಲಾಂಪ್‌ಗಳಿಗೆ 7 ಇಂಚಿನ ಪಂಪ್ ಪಕ್ಕಡ ಹೇಳಿ ಮಾಡಿಸಿದ್ದು, 10ರದೂ ನಡೆಯುತ್ತದೆ. ಕ್ಲಾಂಪಿನ ಎರಡು ಕಿವಿ ಹಿಂಡಿ ಹೋಸಿನ ಮೇಲೆ ಹಿಂದಕ್ಕೆ ಸರಿಸಿ. ದವಡೆಯ ಹಲ್ಲು ಸವೆದಿದ್ದರೆ ಕಿವಿ ಚಿಮ್ಮಿ ಕಣ್ಣಿಗೇ ಬರುತ್ತದೆ. ಎಂಜಿನ್ ತಣ್ಣಗಾಗಿರಲಿ ಎಂದು ಬೇರೆ ಹೇಳಬೇಕಿಲ್ಲ. ಅಂಟಿಕೊಂಡ ಹೋಸನ್ನು ಪಕ್ಕಡದಿಂದ ತಿರುಚಬೇಡಿ, ಈಗಿನ ರೇಡಿಯೇಟರ್‌ಗಳ ಕೊರಳು ಪ್ಲಾಸ್ಟಿಕ್, ಕಟ್ ಎಂದು ಮುರಿಯುತ್ತದೆ. ಹೋಸು ಹೇಗೂ ಬದಲಿಸುವುದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯುವುದೇ ಅಗ್ಗ.

ಡಿಸ್ಕ್ ಬ್ರೇಕಿನ ಪಿಸ್ಟನ್ ಒಳಗೆ ತಳ್ಳಲು 10ರ ಪಕ್ಕಡ ಒದಗುತ್ತದೆ. ಹಳೆಯ ಪ್ಯಾಡನ್ನು ಪಿಸ್ಟನ್ ಮುಂದಿಟ್ಟು ಅದರ ಮೇಲೆ ನಿಧಾನ ಹಿಂಡಿ, ಮೇಲಿನ ಡಬ್ಬಿಯಲ್ಲಿ ಆಯಿಲ್ ಉಕ್ಕಿ ಬಣ್ಣದ ಮೇಲೆ ಬೀಳದಂತೆ ನೋಡಿಕೊಳ್ಳಿ. ಹ್ಯಾಂಡ್ ಬ್ರೇಕ್ ಒಳಗೊಂಡ ಹಿಂದಿನ ಕ್ಯಾಲಿಪರ್ ಆದರೆ ಪಿಸ್ಟನ್ ತಿರುಗುತ್ತಾ ಒಳಗೆ ಹೋಗಬೇಕು, ಹಿಂಡಿದರೆ ಹಾಳು.

ಸೈಲೆನ್ಸರ್ ಪೈಪಿಗೆ 14ರದು. ಗೋಡೆ ತೆಳು, ಒಂಟಿ ಪೈಪಿನ ಮೇಲೆ ಕಚ್ಚಿದರೆ ಮೊಟ್ಟೆಯಾಕಾರಕ್ಕೆ ಅಪ್ಪಚ್ಚಿ. ಒಂದರೊಳಗೊಂದು ತೂರಿದ ಜೋಡಿ ಗೋಡೆಯ ಕಡೆ ಕಾಯಿಸಿ, ಅಲ್ಲೇ ಪಾನಾ ಇಟ್ಟು ಹಿಂದೆ ಮುಂದೆ ಅಲ್ಲಾಡಿಸಿ.

ಮುಟ್ಟಬಾರದ ಜಾಗಗಳು

ಬೈಕಿನ ಫೋರ್ಕ್ ಪೈಪು, ಶಾಕ್ ಅಬ್ಸಾರ್ಬರ್ ದಂಡ, ಜೆಸಿಬಿಯ ಹೈಡ್ರಾಲಿಕ್ ದಂಡ. ಮೂರೂ ಹೊಳೆಯುವ ಕ್ರೋಮ್ ಮೈ, ಮೂರರ ಮೇಲೂ ರಬ್ಬರ್ ಸೀಲ್ ಓಡುತ್ತದೆ. ಬಟ್ಟೆ ಸುತ್ತಿ ಹಿಡಿದೆ ಅಂದರೂ ಹಲ್ಲು ಬಟ್ಟೆ ದಾಟುತ್ತದೆ. ಬೈಕಿನ ಸ್ಟೇರಿಂಗ್ ಕೋನ್‌ಸೆಟ್ಟಿನ ಕಚ್ಚಿನ ನಟ್ಟಿಗೆ ಕೊಕ್ಕೆ ಪಾನಾ ಪ್ರತ್ಯೇಕ ಸಿಗುತ್ತದೆ, ಅದಕ್ಕೆ ಪಕ್ಕಡವೂ ಬೇಡ, ಚಾಣವೂ ಬೇಡ.

ಬ್ರೇಕ್ ಪೈಪಿನ 10 ಅಥವಾ 11 ಮಿಲಿಮೀಟರಿನ ನಟ್ಟು ಮೆತ್ತಗಿರುತ್ತದೆ. ಅದಕ್ಕೆ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಪಾನಾ. ಮೂಲೆ ಸವೆದು ಗುಂಡಗಾಗಿಬಿಟ್ಟಿದ್ದರೆ ಕೊನೆಯ ಉಪಾಯ ಲಾಕ್ ಆಗುವ ಗ್ರಿಪ್ ಪಕ್ಕಡ, 7 ಇಂಚಿನದು. ಆ ನಟ್ಟು ಮತ್ತೆ ಬಳಸಬಾರದು. ಯಾವುದೇ ಒಳ್ಳೆಯ ಆರು ಮೂಲೆಯ ನಟ್ಟಿಗೆ ಪೈಪ್ ಪಾನಾ ಹಾಕಿದರೆ ಎರಡೇ ಮೂಲೆಯ ಮೇಲೆ ಭಾರ ಬಿದ್ದು ಅವು ಸವೆಯುತ್ತವೆ, ಮುಂದಿನ ಸಲ ಗೋಟಿ ಪಾನಾ ಕೂರುವುದಿಲ್ಲ.

ಅಂಗಡಿಯಲ್ಲಿ ನೋಡುವ ಕ್ರಮ

ದುರ್ಗದಬೈಲಿನ ಸಂದಣಿಯಲ್ಲಿ ಕೊಂಡರೂ ಗೋಕುಲ ರೋಡಿನಲ್ಲಿ ಕೊಂಡರೂ ಪರೀಕ್ಷೆ ಒಂದೇ. ಮುಕ್ಕಾಲು ಇಂಚಿನ ಜಿಐ ಪೈಪಿನ ಗೇಣುದ್ದ ತುಂಡು ಜೊತೆಗೊಯ್ಯಿರಿ, ಅದರ ಹೊರ ದಪ್ಪ ಸುಮಾರು 27 ಮಿಲಿಮೀಟರ್. ಪಾನಾ ಅದಕ್ಕೆ ಕಚ್ಚಿಸಿ ಒಮ್ಮೆ ಎಳೆದು ಬಿಡಿ. ಎರಡೂ ಬದಿ ಹಲ್ಲಿನ ಗುರುತು ಒಂದೇ ಆಳಕ್ಕೆ, ಪೂರ್ತಿ ಅಗಲಕ್ಕೆ ಬಿದ್ದಿರಬೇಕು. ಒಂದೇ ಅಂಚಿನಲ್ಲಿ ಗುರುತು ಇದ್ದರೆ ದವಡೆ ಓರೆ. ತಿರುಗಿಸುವ ನಟ್ಟು ಹೆಬ್ಬೆರಳಿಗೆ ಸಲೀಸಾಗಿ ಉರುಳಬೇಕು. ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ದವಡೆಗಳ ನಡುವಿನ ಗೆರೆ ನೋಡಿ. ಹಲ್ಲು ಗಟ್ಟಿ ಇದೆಯೇ ಎಂಬುದಕ್ಕೆ ಕಾನಸು ಆಡಿಸುವುದು ಖಚಿತ ಪರೀಕ್ಷೆ. ಗಟ್ಟಿ ಹಲ್ಲಿನ ಮೇಲೆ ಕಾನಸು ಜಾರುತ್ತದೆ, ಮೆತ್ತನೆಯದನ್ನು ತಿನ್ನುತ್ತದೆ. ಅದಕ್ಕೆ ಅಂಗಡಿಯವರು ಒಪ್ಪುವುದು ಕಷ್ಟವೇ. ಹಾಗಾಗಿ ಬಿಲ್ಲು ತಪ್ಪದೆ ತೆಗೆದುಕೊಳ್ಳಿ, ಮನೆಯಲ್ಲಿ ನೋಡಿ ಬದಲಿಸಬಹುದು. ಪೈಪ್ ಪಾನಾಗಳಿಗೆ ಐಎಸ್ 4003 ಎಂಬ ಭಾರತೀಯ ಮಾನಕ ಇದೆ, ಮೈಮೇಲೆ ಅಥವಾ ಪೆಟ್ಟಿಗೆ ಮೇಲೆ ಅದನ್ನು ಹುಡುಕಿ. ಹೆಸರು ಎರಕದಲ್ಲೇ ಅಥವಾ ಒತ್ತಿ ಬಂದಿರಬೇಕು. ಬರೀ ಸ್ಟಿಕರ್ ಇದ್ದು ಹೆಸರಿನ ಒಂದಕ್ಷರ ಆಚೀಚೆ ಆಗಿದ್ದರೆ ಅಲ್ಲೇ ಇಟ್ಟು ಬನ್ನಿ.

ನಾಸಿಕದ ತಾಪರಿಯಾ ಪೈಪ್ ಪಾನಾ ಮತ್ತು ಪಂಪ್ ಪಕ್ಕಡ ಎರಡೂ ಈ ಭಾಗದಲ್ಲಿ ಸುಲಭವಾಗಿ ಸಿಗುತ್ತವೆ, ವಾರಕ್ಕೆ ನಾಲ್ಕಾರು ಸಲ ಬಳಸುವ ಗ್ಯಾರೇಜಿಗೆ ಅದು ಸಾಕು. ಕ್ನಿಪೆಕ್ಸ್‌ಗೆ ಹಲವು ಪಟ್ಟು ಹಣ ತೆರಬೇಕು. ಅದರ ಹಲ್ಲು ಉಕ್ಕಿನ ಗಡಸು ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ ಸುಮಾರು 61 ಎಚ್‌ಆರ್‌ಸಿ ಗಟ್ಟಿ, 250ರ ಕೋಬ್ರಾದಲ್ಲಿ ಅಳತೆಗೆ 25 ಕಚ್ಚು, ಗುಂಡಿ ಒತ್ತಿ ಒಂದೇ ಕೈಯಲ್ಲಿ ಕೂರಿಸಬಹುದು. ದಿನವೂ ಹೋಸು, ಕ್ಲಾಂಪ್ ಬಿಚ್ಚುವವರಿಗೆ ಆ ಹಣ ಹಿಂದಿರುಗುತ್ತದೆ, ಮನೆಯ ಕಾರಿಗೆ ಅದು ಶೋಕಿ. ಪೈಪ್ ಪಾನಾದಲ್ಲಿ ಮಾತ್ರ ವಿದೇಶಿ ಹೆಸರಿಗೆ ಹಣ ಸುರಿಯುವ ಅಗತ್ಯ ಕಾಣುವುದಿಲ್ಲ, ವರ್ಷಕ್ಕೆ ಹತ್ತು ರ‍್ಯಾಕ್ ಎಂಡ್ ಬಿಚ್ಚುವ ಸಾಮಾನು ಅದು.

8 ಇಂಚಿನ ಸ್ಟಿಲ್ಸನ್ ಬಗ್ಗೆ ಒಂದೇ ಮಾತು: ಮುದ್ದಾಗಿದೆ, ಗಾಡಿಯಲ್ಲಿ ಅದಕ್ಕೆ ಕೆಲಸವಿಲ್ಲ.

ಕೊಂಡ ಮೇಲೆ ಹಲ್ಲಿನ ಸಂದಿಗೆ ತಿಂಗಳಿಗೊಮ್ಮೆ ಸೀಮೆಎಣ್ಣೆ ಹಾಕಿ ವೈರ್ ಬ್ರಶ್, ನಟ್ಟಿಗೂ ಸ್ಪ್ರಿಂಗಿಗೂ ಎರಡು ಹನಿ ಎಂಜಿನ್ ಆಯಿಲ್. ಹಲ್ಲಿಗೆ ಎಣ್ಣೆ ಬೇಡ. ಕೊಕ್ಕೆ ದವಡೆ, ಸ್ಪ್ರಿಂಗ್, ನಟ್ಟು ದೊಡ್ಡ ಕಂಪನಿಗಳದ್ದು ಬಿಡಿಯಾಗಿ ಸಿಗುತ್ತವೆ. ಪಾನಾ ಕೊಳ್ಳುವಾಗಲೇ ‘ಇದರ ದವಡಿ ಬಿಡಿ ಸಿಗ್ತದೇನ್ರಿ?’ ಎಂದು ಕೇಳಿ. ಸಿಗುವುದಿಲ್ಲ ಅಂದರೆ ಪಕ್ಕದ ಅಂಗಡಿ ನೋಡಿ.